ಪದಚರ್ಚೆ: ಕೈಯಲ್ಲಿ ತಿರುಗಿಸಿ ಭತ್ತ ತೂರುವ ಪೆಟ್ಟಿಗೆಗೆ ನಿಮ್ಮಲ್ಲಿ ಏನಂತಾರೆ?

ಗೆಳೆಯರೇ, ನಮಸ್ಕಾರ.

ಒಂದು ಪದ ಬೇಕಾಗಿದೆ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ವಸ್ತು ಯಾವುದು ಅಂತ ಸರಿಯಾಗಿ ಗೊತ್ತಾಗದೆ ಅದಕ್ಕೆ ಹೆಸರು ಹೇಳಲು ಆಗುವುದಿಲ್ಲ ಅಲ್ವಾ?

ನಮ್ಮ ಮನೆ ಉಡುಪಿ ಜಿಲ್ಲೆಯ ಬಾರ್ಕೂರಿನ ಹತ್ತಿರ. ಊರಿನ ಶಾಲೆಯಲ್ಲಿ ಹಳೆಯ ಬೇಸಾಯದ ಸಾಮಾನುಗಳನ್ನೆಲ್ಲ ಒಂದು ಕೋಣೆಯಲ್ಲಿ ಜೋಡಿಸಿಡುತ್ತಿದ್ದಾರೆ. ನೊಗ, ನೇಗಿಲು, ಭತ್ತದ ಕಟ್ಟು ಬಡಿಯುವ ಹಡಿಮಂಚ, ಭತ್ತ ಅಳೆಯುವ ಕಳಸಿಗೆ, ಸೇರು, ಗೆರಸಿ, ಎಲ್ಲ ಬಂದಿವೆ. ಪ್ರತಿಯೊಂದರ ಕೆಳಗೆ ಇಡುವ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹಡಿಮಂಚದ ಚೀಟಿಯಲ್ಲಿ 'ತುಳುವಿನಲ್ಲಿ ಪಡಿಮಂಚ' ಅಂತಲೂ, ಗೆರಸಿಯ ಚೀಟಿಯಲ್ಲಿ 'ತುಳುವಿನಲ್ಲಿ ತಡ್ಪೆ, ಕೊಂಕಣಿಯಲ್ಲಿ ಸೂಪ, ಘಟ್ಟದ ಮೇಲೆ ಮೊರ' ಅಂತಲೂ ಖುಷಿಯಿಂದ ಬರೆದೆ. ಒಂದು ಸಾಮಾನಿನ ಹತ್ತಿರ ಬಂದಾಗ ಮಾತ್ರ ಕೈ ನಿಂತಿತು.

ಅದು ನಮ್ಮ ದೊಡ್ಡಮ್ಮನ ಮನೆಯ ಅಟ್ಟದಿಂದ ಬಂದದ್ದು. ಸೊಂಟದೆತ್ತರದ ಹಲಸಿನ ಮರದ ಪೆಟ್ಟಿಗೆ. ಮೇಲೆ ಭತ್ತ ಸುರಿಯುವ ಅಗಲ ಬಾಯಿ. ಅದರ ಕೆಳಗೆ ಎಳೆದು ತಳ್ಳುವ ಒಂದು ಹಲಗೆ, ಭತ್ತ ಎಷ್ಟು ಇಳಿಯಬೇಕು ಅನ್ನುವುದು ಆ ಹಲಗೆಯ ಕೈಯಲ್ಲಿ. ಒಂದು ಪಕ್ಕದಲ್ಲಿ ದುಂಡಗಿನ ಗೂಡು, ಗೂಡಿನೊಳಗೆ ನಾಲ್ಕು ಹಲಗೆಯ ಫ್ಯಾನು. ಹೊರಗೆ ಹಿಡಿಕೆ. ಹಿಡಿಕೆಯ ದೊಡ್ಡ ಹಲ್ಲುಚಕ್ರ ಒಂದು ಸುತ್ತು ಬಂದರೆ ಒಳಗಿನ ಸಣ್ಣ ಚಕ್ರ ಹಲವು ಸುತ್ತು ಬರುತ್ತದೆ. ಹಾಗಾಗಿ ಕೈ ನಿಧಾನಕ್ಕೆ ತಿರುಗಿದರೂ ಗಾಳಿ ಜೋರು. ಅದೇ ಅಚ್ಚಿನ ಇನ್ನೊಂದು ತುದಿಗೆ ಒಂದು ಕಡ್ಡಿ ಕಟ್ಟಿದ್ದಾರೆ. ಅಚ್ಚು ತಿರುಗಿದ ಹಾಗೆ ಕಡ್ಡಿ ಎರಡು ಜರಡಿಗಳನ್ನು ಅತ್ತ ಇತ್ತ ಅಲ್ಲಾಡಿಸುತ್ತದೆ. ಮೇಲಿನ ಜರಡಿಯಲ್ಲಿ ಹುಲ್ಲು, ಕಡ್ಡಿ, ತೆನೆಯ ತುಂಡು ನಿಲ್ಲುತ್ತದೆ. ಕೆಳಗಿನದರಲ್ಲಿ ಭತ್ತ ನಿಲ್ಲುತ್ತದೆ, ಮಣ್ಣು ಮತ್ತು ಸಣ್ಣ ಕಳೆಬೀಜ ಉದುರುತ್ತದೆ. ನಡುವೆ ಬೀಸುವ ಗಾಳಿಗೆ ಹೊಟ್ಟು ಹಿಂದಿನಿಂದ ಹಾರಿ ಹೋಗುತ್ತದೆ.

ಕೆಳಗಿನ ಜರಡಿ ಅಂಗಡಿಯದ್ದಲ್ಲ. ಸೀಮೆಎಣ್ಣೆ ಡಬ್ಬದ ತಗಡನ್ನು ಬಿಡಿಸಿ ಚಪ್ಪಟೆ ಮಾಡಿ, ಮೊಳೆ ಹೊಡೆದು ತೂತು ಮಾಡಿದ್ದು. ತೂತಿನ ಸಾಲು ಎಷ್ಟು ನೇರ ಇದೆ ಅಂದರೆ ಬೆರಳಿನಲ್ಲಿ ಸವರಿ ನೋಡಿದೆ, ಒಂದೂ ತಪ್ಪಿಲ್ಲ. ಉದ್ದಿಗೆ ಬೇರೆ ತಗಡು, ಹುರುಳಿಗೆ ಬೇರೆ. ಮಾಡಿದ ಆಚಾರಿಯ ಹೆಸರು ಈಗ ಯಾರಿಗೂ ನೆನಪಿಲ್ಲ. ಅದು ನನಗೆ ತುಂಬ ಬೇಜಾರಿನ ಸಂಗತಿ.

ಶಾಲೆಯಲ್ಲಿ ಮೊದಲೇ ಒಂದು ಚೀಟಿ ಅಂಟಿಸಿದ್ದರು. 'ಧಾನ್ಯ ಶುದ್ಧೀಕರಣ ಯಂತ್ರ'. ತಪ್ಪೇನಲ್ಲ. ಆದರೆ ಈ ಹೆಸರಿನಲ್ಲಿ ಅಂಗಳ ಇಲ್ಲ, ಗಾಳಿ ಇಲ್ಲ, ಹಿಡಿಕೆ ತಿರುಗಿಸಿದ ಕೈ ಇಲ್ಲ. ದೊಡ್ಡಮ್ಮನನ್ನು ಕೇಳಿದೆ. "ಅದ್ ಗಾಳಿ ಪೆಟ್ಗಿ ಮಗಾ" ಅಂದರು. ಪಕ್ಕದ ಮನೆಯ ತುಳು ಮಾತಾಡುವ ಹಿರಿಯರು "ಗಾಳಿ ಮಿಷನ್" ಅಂದರು. ಗಾಳಿಗೆ ತುಳುವಿನಲ್ಲೂ ಗಾಳಿಯೇ. ಎರಡೂ ಚೆನ್ನಾಗಿವೆ. ಆದರೂ ನನಗೆ ಒಂದು ಕೊರತೆ ಕಾಣುತ್ತದೆ. ಗಾಳಿ ಅನ್ನುವುದು ಈ ಪೆಟ್ಟಿಗೆ ಬಳಸುವ ವಸ್ತು. ಅದು ಮಾಡುವ ಕೆಲಸಕ್ಕೆ ನಮ್ಮಲ್ಲಿ ಬೇರೆಯೇ ಮಾತುಗಳಿವೆ. ಅವು ಹೆಸರಿನೊಳಗೆ ಬರಬೇಕು ಅಂತ ನನ್ನ ಆಸೆ.

ಆ ಮಾತುಗಳು ಎಷ್ಟು ಚೂಪಾಗಿವೆ ನೋಡಿ. ತೂರು ಅಂದರೆ ಎತ್ತರದಿಂದ ಕಾಳನ್ನು ಗಾಳಿಗೆ ಬಿಡುವುದು. ಗಾಳಿ ಹೊರಗಿನದು, ನಮ್ಮ ಕೈಯದ್ದಲ್ಲ. ಕೇರು ಅಂದರೆ ಗೆರಸಿಯಲ್ಲಿ ಕಾಳನ್ನು ಎಗರಿಸಿ ಹಿಡಿಯುವುದು. ಇಲ್ಲಿ ಗಾಳಿಯನ್ನು ಗೆರಸಿಯೇ ಹುಟ್ಟಿಸುತ್ತದೆ. ಒನೆ ಅಂದರೆ ಅದೇ ಗೆರಸಿಯನ್ನು ಅಡ್ಡಡ್ಡ ಆಡಿಸಿ ಕಲ್ಲು, ನುಚ್ಚು ಬೇರೆ ಮಾಡುವುದು. ಇಲ್ಲಿ ಗಾಳಿಗೆ ಕೆಲಸವೇ ಇಲ್ಲ. ಜರಡಿ ಹಿಡಿಯುವುದು ಇನ್ನೊಂದು. ಅದಕ್ಕೂ ಸೀಮೆಗೊಂದು ಹೆಸರು, ಜಲ್ಲಡೆ, ಸಾಣಿಗೆ, ಒಂದರಿ. ಇದೆಲ್ಲ ಸೇರಿದ ಒಟ್ಟು ಕೆಲಸಕ್ಕೆ ಉತ್ತರ ಕರ್ನಾಟಕದವರು 'ಹಸನು ಮಾಡುವುದು' ಅನ್ನುತ್ತಾರೆ, ಎಷ್ಟು ಚಂದದ ಮಾತು! 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ತೂರು, ಕೇರು ಎರಡೂ ಬೇರೆ ಬೇರೆಯಾಗಿಯೇ ಇವೆ. ಈಗಿನ ಬರಹದಲ್ಲಿ ಮಾತ್ರ ಎಲ್ಲವೂ 'ಶುದ್ಧೀಕರಿಸು' ಆಗಿಬಿಟ್ಟಿದೆ.

ಈ ಪೆಟ್ಟಿಗೆ ಏನು ಮಾಡುತ್ತದೆ? ತೂರುತ್ತದೆ, ಒನೆಯುತ್ತದೆ, ಜರಡಿ ಹಿಡಿಯುತ್ತದೆ. ಮೂರನ್ನೂ ಒಂದೇ ಹಿಡಿಕೆಯಿಂದ. ನನ್ನ ಪ್ರಕಾರ ಇದರಲ್ಲಿ ಮೇಲುಗೈ ತೂರುವುದರದ್ದು. ಜರಡಿ ತೆಗೆದಿಟ್ಟರೂ ಪೆಟ್ಟಿಗೆ ಅರ್ಧ ಕೆಲಸ ಮಾಡೀತು. ಫ್ಯಾನು ತೆಗೆದರೆ ಏನೂ ಉಳಿಯುವುದಿಲ್ಲ.

ನಮ್ಮ ಕರಾವಳಿಗೆ ಇದು ಯಾಕೆ ಬೇಕಾಯಿತು ಅನ್ನುವುದನ್ನೂ ಹೇಳಬೇಕು. ಇಲ್ಲಿ ತೂರಲು ಎಲ್ಲರೂ ಕಾಯುವುದು ಪಡುಗಾಳಿಗೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ಗಾಳಿ ಏಳುತ್ತದೆ, ಮಧ್ಯಾಹ್ನದ ಮೇಲೆ ಚೆನ್ನಾಗಿ ಬೀಸುತ್ತದೆ. ರಾತ್ರಿ ತಿರುಗಿ ಮೂಡುಗಾಳಿ. ಸುಗ್ಗಿ ಬೆಳೆ, ಅಂದರೆ ಮಳೆಗಾಲ ಕಳೆದ ಮೇಲಿನ ಎರಡನೇ ಬೆಳೆ, ಕೊಯ್ಯುವಾಗ ಇದನ್ನು ನಂಬಬಹುದು. ಆದರೆ ತುಳುವರು ಏಣೆಲು ಅನ್ನುವ ಮಳೆಗಾಲದ ಬೆಳೆ ಅಂಗಳಕ್ಕೆ ಬರುವುದು ಅಕ್ಟೋಬರ್ ಹೊತ್ತಿಗೆ. ಆಗ ಮಧ್ಯಾಹ್ನದ ಮೇಲೆ ಮೋಡ, ಗುಡುಗು, ಸಂಜೆ ಮಳೆ. ಗಾಳಿ ಬೇಕಾದ ಹೊತ್ತಿಗೆ ಸರಿಯಾಗಿ ಮಳೆಯೂ ಬರುತ್ತದೆ. ತೂರದ ಭತ್ತ ಒದ್ದೆಯಾದರೆ ರಾಶಿಯಲ್ಲೇ ಮೊಳಕೆ. ಆಗ ಚಾವಡಿಯೊಳಗೆ ಇಟ್ಟು ತಿರುಗಿಸಬಹುದಾದ ಒಂದು ಗಾಳಿ ಇದ್ದರೆ ಮನೆಯ ವರ್ಷದ ಅನ್ನ ಉಳಿಯಿತು. ಬೀಜದ ಭತ್ತವನ್ನಂತೂ ದೊಡ್ಡಮ್ಮನ ಮನೆಯಲ್ಲಿ ಎರಡು ಸಲ ಇದರಲ್ಲಿ ಹಾಯಿಸುತ್ತಿದ್ದರು. ಆಮೇಲೆ ಉಪ್ಪುನೀರಿನ ಪರೀಕ್ಷೆ. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕದಡಿ ಭತ್ತ ಹಾಕುವುದು, ತೇಲಿದ ಜೊಳ್ಳು ತೆಗೆಯುವುದು, ಮುಳುಗಿದ ಗಟ್ಟಿ ಭತ್ತವನ್ನು ಸಿಹಿನೀರಿನಲ್ಲಿ ತೊಳೆದು ಬಿತ್ತುವುದು.

ತಿರುಗಿಸುವುದಕ್ಕೂ ಒಂದು ಹದ ಇದೆ. ಜೋರಾಗಿ ತಿರುಗಿಸಿದರೆ ಗಟ್ಟಿ ಕಾಳೂ ಹೊಟ್ಟಿನ ಜೊತೆ ಹೋಗುತ್ತದೆ. ನಿಧಾನ ಮಾಡಿದರೆ ಜೊಳ್ಳು ಕಾಳಿನಲ್ಲೇ ಉಳಿಯುತ್ತದೆ. ದೊಡ್ಡಮ್ಮ ಪೆಟ್ಟಿಗೆಯ ಹಿಂದೆ ಕೈಯೊಡ್ಡಿ ಕೂರುತ್ತಿದ್ದರಂತೆ. ಅಂಗೈಗೆ ಗಟ್ಟಿ ಕಾಳು ಬಡಿದರೆ ಸಾಕು, "ಮೆಲ್ಲ ಮೆಲ್ಲ" ಅಂತ ಕೂಗುತ್ತಿದ್ದರು.

ಈಗ ತೂರು ಪದದ ಬಗ್ಗೆಯೇ ಒಂದು ಚಿಂತೆ. ಚೀಟಿಯಲ್ಲಿ ಪೆನ್ಸಿಲಿನಲ್ಲಿ 'ತೂರುಪೆಟ್ಟಿಗೆ' ಅಂತ ಬರೆದಿಟ್ಟಿದ್ದೆ. ಆರನೇ ತರಗತಿಯ ಒಬ್ಬಳು ಹುಡುಗಿ ಓದಿ, "ಇದರಲ್ಲಿ ಕಲ್ಲು ತೂರುತ್ತಿದ್ದರಾ?" ಅಂತ ಕೇಳಿದಳು. ಅವಳ ಪ್ರಶ್ನೆ ಸರಿಯಾಗಿಯೇ ಇದೆ. ಅವಳು ಪತ್ರಿಕೆಯಲ್ಲಿ, ಟಿವಿಯಲ್ಲಿ ಕೇಳಿದ್ದು 'ಕಲ್ಲು ತೂರಾಟ' ಮಾತ್ರ. ಇನ್ನೊಂದು, ಸೂಜಿಗೆ ದಾರ ತೂರಿಸುವುದು. ಒಂದು ಎಸೆಯುವುದು, ಇನ್ನೊಂದು ನುಗ್ಗಿಸುವುದು. ಕಾಳು ತೂರುವುದು ಅವಳ ಕಣ್ಣಿಗೆ ಬಿದ್ದೇ ಇಲ್ಲ. ಈಗ ಗದ್ದೆಯಲ್ಲೇ ಕೊಯ್ದು, ಬಡಿದು, ತೂರಿ ಕೊಡುವ ಮಿಷನ್ ಬರುತ್ತದೆ. ಅಂಗಳಕ್ಕೆ ಬರುವಾಗ ಭತ್ತ ಚೊಕ್ಕವಾಗಿಯೇ ಇರುತ್ತದೆ.

ಇದರಿಂದ ಗಾದೆಗೂ ಪೆಟ್ಟು ಬಿದ್ದಿದೆ. 'ಗಾಳಿ ಬಂದಾಗ ತೂರಿಕೋ' ಅನ್ನುವುದನ್ನು ಈಗ ಸಮಯಸಾಧಕರನ್ನು ಬೈಯಲು ಬಳಸುವುದೇ ಜಾಸ್ತಿ. ಸಂದು ಸಿಕ್ಕಾಗ ನುಗ್ಗಿಬಿಡು ಅಂತ ಅರ್ಥ ಮಾಡಿಕೊಂಡವರೂ ಇದ್ದಾರೆ. ತಮಿಳಿನಲ್ಲಿ ಇದೇ ಗಾದೆ 'ಕಾಟ್ರುಳ್ಳ ಪೋದೇ ತೂಟ್ರಿಕ್ಕೊಳ್' ಅಂತ ಇದೆ. ಮಲಯಾಳದಲ್ಲೂ ಇದೆ. ಅಲ್ಲಿಯೂ ಮಾತು ಕಾಳು ತೂರುವುದರದ್ದೇ, ನುಗ್ಗುವುದರದ್ದಲ್ಲ. ಕೊಯ್ಲು ಮುಗಿದು ರಾಶಿ ಬಿದ್ದಿದೆ, ಆಕಾಶ ಕಪ್ಪಾಗಿದೆ, ಗಾಳಿ ಎದ್ದಿದೆ. ಊಟ ಆಮೇಲೆ, ಮೊದಲು ಎದ್ದು ತೂರು. ಮೈಮುರಿದು ದುಡಿಯುವವರಿಗೆ ಹೇಳಿದ ಮಾತು ಇದು.

'ನಿಯಮಗಳನ್ನು ಗಾಳಿಗೆ ತೂರಿ' ಅನ್ನುವ ಪತ್ರಿಕೆಯ ಮಾತೂ ನನ್ನನ್ನು ಕಾಡುತ್ತದೆ. ಅಂಗಳದಲ್ಲಿ ಗಾಳಿಗೆ ತೂರಿದ್ದು ಕಳೆದುಹೋಗುವುದಿಲ್ಲ. ಬೇಕಾದದ್ದು ಕಾಲಬುಡದಲ್ಲೇ ಬೀಳುತ್ತದೆ, ಬೇಡದ್ದು ಹೋಗುತ್ತದೆ. ಪತ್ರಿಕೆಯ ಮಾತಿನಲ್ಲಿ ತೂರಿದ್ದೆಲ್ಲ ಹೋಯಿತು ಅಂತಲೇ ಅರ್ಥ. ಇದು ಕಣದಿಂದ ಬಂದ ಮಾತೋ, ಇಂಗ್ಲಿಷಿನ ನುಡಿಗಟ್ಟನ್ನು ಕನ್ನಡಕ್ಕೆ ತಂದದ್ದೋ? ಹಳೆಯ ಬರಹಗಳಲ್ಲಿ ಇದನ್ನು ಕಂಡವರು ಇದ್ದರೆ ದಯವಿಟ್ಟು ಹೇಳಿ. ತೆಲುಗಿನಲ್ಲಿ ಕಾಳು ತೂರುವುದಕ್ಕೆ 'ತೂರ್ಪಾರಬಟ್ಟು' ಅನ್ನುತ್ತಾರೆ. ಒಬ್ಬರನ್ನು ಕಟುವಾಗಿ ಟೀಕಿಸುವುದಕ್ಕೂ ಅದೇ ಮಾತು. ತಮಿಳಿನ 'ತೂಟ್ರು'ವಿಗೆ ಕಾಳು ತೂರು, ನಿಂದಿಸು ಎರಡೂ ಅರ್ಥ. ಹಾಗಾದರೆ ನಮ್ಮ 'ದೂರು' ಕೂಡ ಇದರ ನೆಂಟನೇ? ಬಲ್ಲವರು ಬಿಡಿಸಬೇಕು.

ಬೇರೆ ದೇಶದವರು ಈ ಪೆಟ್ಟಿಗೆಗೆ ಹೆಸರಿಟ್ಟ ಬಗೆ ನೋಡಿದರೆ ನಮಗೂ ದಾರಿ ಸಿಗಬಹುದು. ಎಲ್ಲರಿಗಿಂತ ಮೊದಲು ಇದನ್ನು ಮಾಡಿದವರು ಚೀನಾದವರು. ಸುಮಾರು 2000 ವರ್ಷ ಹಿಂದಿನ ಹಾನ್ ರಾಜವಂಶದ ಕಾಲದ ಗೋರಿಗಳಲ್ಲಿ ಹಿಡಿಕೆ ಇರುವ ಇಂಥ ಪೆಟ್ಟಿಗೆಯ ಪುಟ್ಟ ಮಣ್ಣಿನ ಮಾದರಿಗಳು ಸಿಕ್ಕಿವೆ. ಅವರ ಒಂದು ಹೆಸರಿನ ಅರ್ಥ 'ಗಾಳಿಬಂಡಿ'. ಡಚ್ಚರದ್ದು 'ವಾನ್‌ಮೊಲೆನ್', ಅಂದರೆ ಗೆರಸಿ ಗಿರಣಿ. ಜರ್ಮನರದ್ದು 'ವಿಂಡ್‌ಫೇಗೆ', ಗಾಳಿಯಿಂದ ಗುಡಿಸುವಂಥದ್ದು. 1710ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಮೀಕಲ್ ಅನ್ನುವ ಕುಶಲಕರ್ಮಿಯನ್ನು ಹಾಲೆಂಡಿಗೆ ಕಳಿಸಿ ಈ ವಿದ್ಯೆ ಕಲಿಸಿ ತರಿಸಿದರು. ಸ್ಕಾಟ್ಲೆಂಡಿನ ಕೆಲವು ಕಟ್ಟಾ ದೈವಭಕ್ತರು, ದೇವರು ಕೊಡುವ ಗಾಳಿಗೆ ಕಾಯದೆ ಮನುಷ್ಯ ಗಾಳಿ ಹುಟ್ಟಿಸಬಾರದು ಅಂತ ಹಠ ಹಿಡಿದರು. ಇದನ್ನು ಸೈತಾನನ ಗಾಳಿ ಅಂತ ಕರೆದರು.

ಇನ್ನೂ ಒಂದು ಸಂಗತಿ ನನಗೆ ತುಂಬ ಇಷ್ಟವಾದದ್ದು. ಇಂಗ್ಲಿಷಿನ ಫ್ಯಾನ್ ಅನ್ನುವ ಪದಕ್ಕೆ ಮೊದಲು ಇದ್ದ ಅರ್ಥವೇ ಗೆರಸಿ. ಲ್ಯಾಟಿನ್ನಿನ 'ವನ್ನುಸ್', ಅಂದರೆ ಮೊರ, ಅದರಿಂದ ಬಂದದ್ದು. ನಮ್ಮ ತಲೆಯ ಮೇಲೆ ತಿರುಗುವ ಫ್ಯಾನಿನ ಹೆಸರು ಹುಟ್ಟಿದ್ದು ಕಣದಲ್ಲಿ. ಈಗ ನಮ್ಮೂರಿನಲ್ಲಿ ಸ್ವಲ್ಪ ಉದ್ದು, ಸ್ವಲ್ಪ ಭತ್ತ ಬೆಳೆಯುವವರು ಅಂಗಳದಲ್ಲಿ ಟೇಬಲ್ ಫ್ಯಾನ್ ಇಟ್ಟು ಅದರ ಎದುರು ತೂರುತ್ತಾರೆ. ಪದ ಊರೆಲ್ಲ ಸುತ್ತಿ ಮತ್ತೆ ಅಂಗಳಕ್ಕೇ ಬಂದಿದೆ.

ನನ್ನ ಮನಸ್ಸು 'ತೂರುಪೆಟ್ಟಿಗೆ' ಕಡೆಗೇ ಇದೆ. ಕನ್ನಡದಲ್ಲಿ ಸಾಮಾನಿಗೆ ಹೆಸರು ಕಟ್ಟುವ ದಾರಿ ಇದೇ. ಮೊದಲು ಕೆಲಸ, ಆಮೇಲೆ ವಸ್ತು. ಬೀಸುಕಲ್ಲು, ಕಡೆಗೋಲು, ತುರಿಮಣೆ, ಊದುಗೊಳವೆ, ನಮ್ಮ ಅಡುಗೆಮನೆಯ ಮೆಟ್ಟುಗತ್ತಿ. ಇವುಗಳ ಸಾಲಿನಲ್ಲಿ ತೂರುಪೆಟ್ಟಿಗೆ ಸುಮ್ನೆ ಹೋಗಿ ಕೂರುತ್ತದೆ. ಆದರೆ ದೊಡ್ಡಮ್ಮ ಬಾಯಲ್ಲಿ ಆಡಿದ 'ಗಾಳಿ ಪೆಟ್ಗಿ'ಯನ್ನು ಬದಿಗೆ ತಳ್ಳಲು ನನಗೆ ಮನಸ್ಸಿಲ್ಲ. ಬದುಕಿರುವ ಪದ ಇರುವಾಗ ಕಟ್ಟಿದ ಪದವನ್ನು ಮೇಲೆ ಕೂರಿಸುವುದು ಸರಿಯಾ? ಇದು ನಿಮ್ಮೆಲ್ಲರಿಗೆ ನನ್ನ ದೊಡ್ಡ ಪ್ರಶ್ನೆ.

ಚಿಕ್ಕ ಪ್ರಶ್ನೆಗಳೂ ಇವೆ. ತುಳು ಬಲ್ಲವರೇ, ಗಾಳಿಗೆ ತೂರುವುದಕ್ಕೂ ತಡ್ಪೆಯಲ್ಲಿ ಕೇರುವುದಕ್ಕೂ ನಿಮ್ಮ ಮನೆಯಲ್ಲಿ ಏನೇನು ಹೇಳುತ್ತಿದ್ದರು? ಗಾಳಿಯ ಈ ಗಾದೆಗೆ ತುಳುವಿನಲ್ಲಿ ಜೋಡಿ ಉಂಟಾ? ಬೆಳ್ತಂಗಡಿ, ಪುತ್ತೂರು ಕಡೆಯ ಹವ್ಯಕ ಮನೆಗಳಲ್ಲಿ ಈ ಪೆಟ್ಟಿಗೆ ಇತ್ತಾ? ಇದ್ದರೆ ಹೆಸರೇನು? ಆಮೇಲೆ, ತೂರುವಾಗ ಮೂರು ರಾಶಿ ಬೀಳುತ್ತದೆ. ಹತ್ತಿರದ್ದು ಗಟ್ಟಿ, ದೂರದ್ದು ಹೊಟ್ಟು. ನಡುವೆ ಬೀಳುವ, ಪೂರ್ತಿ ತುಂಬದ ಆದರೆ ಪೂರ್ತಿ ಜೊಳ್ಳೂ ಅಲ್ಲದ ಕಾಳು ಇದೆಯಲ್ಲ, ಕೋಳಿಗೆ ಹಾಕುವಂಥದ್ದು, ಅದಕ್ಕೆ ಒಂದು ಪದ ಇರಲೇಬೇಕು ಅಂತ ನನ್ನ ಮನಸ್ಸು ಹೇಳುತ್ತದೆ.

ಉತ್ತರ ಬರೆಯುವಾಗ ಪದದ ಜೊತೆ ಊರಿನ ಹೆಸರನ್ನೂ, ಮನೆಯಲ್ಲಿ ಯಾರ ಬಾಯಲ್ಲಿ ಕೇಳಿದಿರಿ ಅನ್ನುವುದನ್ನೂ ಬರೆಯಿರಿ. ಅಜ್ಜಿಯೋ, ಮಾವನೋ, ಕೆಲಸಕ್ಕೆ ಬರುತ್ತಿದ್ದವರೋ. ಚೀಟಿಯ ಹಿಂಬದಿ ಖಾಲಿ ಇದೆ. ಬಂದ ಪದಗಳನ್ನೆಲ್ಲ ಅಲ್ಲಿ ಊರಿನ ಹೆಸರಿನ ಜೊತೆ ಬರೆದಿಡುತ್ತೇನೆ. ಮುಂಬದಿಯನ್ನು ಈಗಲೂ ಪೆನ್ಸಿಲಿನಲ್ಲೇ ಬಿಟ್ಟಿದ್ದೇನೆ.