ಓದುಗರ ಸ್ಪಂದನ: ಏಪ್ರಿಲ್ 31ರ ಟ್ಯಾಂಕರ್

ಹೋದ ವಾರ ದಾವಣಗೆರೆಯ ಓದುಗಿಯೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಅದರ ಮುಖ್ಯ ಭಾಗ ಇನ್ನೊಮ್ಮೆ:

"ಸಿಎ ಇಂಟರ್ ಪಾಸಾಗಿ ಇಲ್ಲಿನ ಒಂದು ಸಿಎ ಆಫೀಸಿನಲ್ಲಿ ತರಬೇತಿಗೆ, ಅಂದರೆ ಆರ್ಟಿಕಲ್‌ಶಿಪ್‌ಗೆ ಸೇರಿ ಐದು ತಿಂಗಳಾಯಿತು. ಈಗ ನಮ್ಮ ತಂಡ ಒಂದು ನಗರಸಭೆಯ ಲೆಕ್ಕ ನೋಡುತ್ತಿದೆ. ಊರಿನ ಹೆಸರು ಬೇಡ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ವಾಪಸ್ ಬರುತ್ತೇನೆ. ವೋಚರ್ ಕಟ್ಟು ಬಿಚ್ಚುವುದು, ಕ್ಯಾಶ್ ಬುಕ್ಕಿಗೆ ತಾಳೆ ನೋಡುವುದು, ಟಿಕ್ ಹಾಕುವುದು, ಇಷ್ಟೇ ನನ್ನ ಕೆಲಸ. ಅಲ್ಲಿನ ಕೇಸ್ ವರ್ಕರ್ ಒಬ್ಬರನ್ನು ಅಕ್ಕ ಅಂತಲೇ ಕರೆಯುತ್ತೇನೆ. ಲೇಡೀಸ್ ಟಾಯ್ಲೆಟ್ ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಮೊದಲ ದಿನ ಹೇಳಿಕೊಟ್ಟವರೇ ಅವರು. ಹನ್ನೊಂದು ಗಂಟೆಗೆ ಆಡಿಟ್‌ನವರಿಗೆಲ್ಲ ಬೆಣ್ಣೆ ದೋಸೆ ಪಾರ್ಸೆಲ್ ಬರುತ್ತದೆ. ನಾನೂ ತಿನ್ನುತ್ತೇನೆ.

ಮೊನ್ನೆ 2024ರ ಬೇಸಿಗೆಯ ನೀರಿನ ಟ್ಯಾಂಕರ್ ಬಿಲ್ಲುಗಳು ನನ್ನ ಕೈಗೆ ಬಂದವು. ಒಂದೇ ಟ್ರ್ಯಾಕ್ಟರ್ ಟ್ಯಾಂಕರ್ ದಿನಕ್ಕೆ 14 ಟ್ರಿಪ್ ಅಂತ ಟ್ರಿಪ್ ಶೀಟಿನಲ್ಲಿದೆ. ಕೊನೆಯ ಶೀಟಿನ ತಾರೀಖು ಏಪ್ರಿಲ್ 31! ನಗು ಬಂತು. ಅಕ್ಕನಿಗೆ ತೋರಿಸಿದೆ. ಅವರು ನಗಲಿಲ್ಲ. 'ಇದನ್ನ ಬರೀಬೇಡಮ್ಮ, ರಿಟೈರ್ ಆಗೋಕೆ ಒಂದೂವರೆ ವರ್ಷ ಇದೆ, ಪೆನ್ಷನ್ ನಿಲ್ಲಿಸಿಬಿಡ್ತಾರೆ' ಅಂದರು. ನಮ್ಮ ಸೀನಿಯರ್‌ಗೆ ಇನ್ನೂ ಹೇಳಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?"

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ. ದೋಸೆ ಬಗ್ಗೆಯೇ ಬಂದ ಪತ್ರಗಳು ಜಾಸ್ತಿ. ಅವುಗಳಲ್ಲಿ ಒಂದನ್ನು ಮಾತ್ರ ಹಾಕಿದ್ದೇವೆ.

*

ತಂಗಿ, ನಾನು ಲೆಕ್ಕ ಪರಿಶೋಧನೆಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಮೊದಲು ನನ್ನದೊಂದು ಪೆದ್ದುತನ ಕೇಳಿ. ಕೆಲಸಕ್ಕೆ ಸೇರಿದ ಹೊಸದು. ಒಂದು ಪುರಸಭೆಯಲ್ಲಿ ಪೌರಕಾರ್ಮಿಕರ ಹಾಜರಿ ಪುಸ್ತಕ ನೋಡುತ್ತಿದ್ದೆ. ಯುಗಾದಿ ದಿನ ಎಲ್ಲರ ಹೆಬ್ಬೆಟ್ಟೂ ಇತ್ತು. ಸರ್ಕಾರಿ ರಜೆ, ಅದೂ ಯುಗಾದಿ, ಒಬ್ಬರೂ ತಪ್ಪಿಸಿಲ್ಲ ಅಂದರೆ ಏನರ್ಥ? ಸುಳ್ಳು ಹಾಜರಿ ಅಂತ ಎರಡು ಪುಟ ಬರೆದೆ. ಅವರ ಮೇಸ್ತ್ರಿ, ದಫೇದಾರ, ಬಂದು ಕೈಕಟ್ಟಿ ನಿಂತು ಕೇಳಿದ: "ಸಾರ್, ಹಬ್ಬದ ದಿನವೇ ಅಲ್ವಾ ಕಸ ಜಾಸ್ತಿ? ಬಾಳೆ ಎಲೆ ಎಲ್ಲ ಯಾರು ಎತ್ತೋದು?" ಆ ಎರಡು ಪುಟ ನಾನೇ ಹರಿದು ಹಾಕಿದೆ.

ಏಪ್ರಿಲ್ 31 ನಿಮಗೆ ಹೇಳುವುದು ಒಂದೇ ಮಾತು. ಆ ಶೀಟುಗಳನ್ನು ಅಂದಂದೇ ಬರೆದಿಲ್ಲ. ಬಿಲ್ ಮಾಡುವ ಹೊತ್ತಿಗೆ ಯಾರೋ ಒಂದೇ ಪೆನ್ನು ಹಿಡಿದು ಕೂತು ಬರೆದಿದ್ದಾರೆ. ನೀರು ಬರಲೇ ಇಲ್ಲ ಅಂತ ಅದು ಹೇಳುವುದಿಲ್ಲ. ಬಂತು ಅಂತಲೂ ಹೇಳುವುದಿಲ್ಲ. ಅದಕ್ಕೆ ಬೇರೆ ಕಡೆ ಹುಡುಕಬೇಕು. ಆ ಬೇಸಿಗೆಗೆ ಮೊದಲೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. ನೀರಿಗೆ ಹಾಹಾಕಾರ ಇದ್ದದ್ದು ನಿಜ. ಸರ್ಕಾರ ಘೋಷಿಸಿದ ಬರ, ನೆರೆಯಂಥ ಸಮಯದಲ್ಲಿ ಟೆಂಡರ್ ಇಲ್ಲದೆ ಕೆಲಸ ಮಾಡಿಸಲು ಸರ್ಕಾರಿ ಖರೀದಿಯ 1999ರ ಪಾರದರ್ಶಕ ಕಾಯ್ದೆಯ 4(ಎ) ಕಲಂ ಅವಕಾಶ ಕೊಡುತ್ತದೆ. ಹಾಗಾಗಿ 'ಟೆಂಡರ್ ಎಲ್ಲಿ' ಅಂತ ಕೇಳಿ ಸುಮ್ಮನಾಗಬೇಡಿ. ಒಂದು ಟ್ರಿಪ್ಪಿಗೆ ಎಷ್ಟು ಅಂತ ದರ ಮಂಜೂರು ಮಾಡಿದ ಆದೇಶ ಎಲ್ಲಿ, ಅದರಲ್ಲಿ ಟ್ಯಾಂಕರ್ ಎಷ್ಟು ಲೀಟರಿನದು ಅಂತಿದೆ, ಬಂದದ್ದು ಎಷ್ಟರದು? 5,000 ಲೀಟರಿನ ದರ ಕೊಟ್ಟು 4,000 ಲೀಟರಿನ ಟ್ಯಾಂಕರ್ ಓಡಿಸಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಗಾಡಿ ನಂಬರು. ಎಂಪರಿವಾಹನ್ ಆ್ಯಪ್‌ಗೆ ಹಾಕಿದರೆ ಅದು ಟ್ರ್ಯಾಕ್ಟರೋ ಸ್ಕೂಟರೋ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ. ನಮ್ಮ ಕಾಲದಲ್ಲಿ ಇದಕ್ಕೆ ಆರ್‌ಟಿಒಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯಬೇಕಿತ್ತು. ಅದೇ ನಂಬರು ಅದೇ ದಿನ ಬೇರೆ ವಾರ್ಡಿನ ಬಿಲ್ಲಿನಲ್ಲೂ ಇದೆಯಾ ನೋಡಿ. ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ಎಲ್ಲ ಶೀಟುಗಳನ್ನೂ ತಾರೀಖಿನ ಪ್ರಕಾರ ಮೇಜಿನ ಮೇಲೆ ಹರವಿಕೊಳ್ಳಿ.

ಇನ್ನು ಅಕ್ಕನ ಹೆದರಿಕೆ. ಆಡಿಟ್ ಮೆಮೊ ಅಂದರೆ ಶಿಕ್ಷೆ ಅಲ್ಲ, ಪ್ರಶ್ನೆ. 'ಇಂಥ ವೋಚರಿನ ಇಂಥ ಶೀಟಿನಲ್ಲಿ ತಾರೀಖು ಹೀಗಿದೆ, ವಿವರಣೆ ಕೊಡಿ' ಅಷ್ಟೇ. ಒಪ್ಪುವಂಥ ಉತ್ತರ, ದಾಖಲೆ ಕೊಟ್ಟರೆ ಅಲ್ಲೇ ಕೈಬಿಡುತ್ತಾರೆ. ಕೊಡದಿದ್ದರೆ ವರದಿಯಲ್ಲಿ ಪ್ಯಾರಾ, ಅಂದರೆ ಆಕ್ಷೇಪಣೆ, ಆಗುತ್ತದೆ. ನಿಮ್ಮ ಆಫೀಸಿನವರು ಬಿಟ್ಟರೂ ರಾಜ್ಯ ಲೆಕ್ಕಪರಿಶೋಧನೆ ಇಲಾಖೆಯವರು ಬರುತ್ತಾರೆ. ನನ್ನ ಹಾಗೆ ಕನ್ನಡಕದವರು. ಏಪ್ರಿಲ್ 31 ಅವರ ಕಣ್ಣಿಗೂ ಬೀಳುತ್ತದೆ.

— ನಿವೃತ್ತ ಲೆಕ್ಕ ಪರಿಶೋಧಕ, ವಿದ್ಯಾನಗರ, ದಾವಣಗೆರೆ

*

ನಾನೂ ಆರ್ಟಿಕಲ್ಲೇ, ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತದೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಸೀನಿಯರ್‌ಗೆ ಹೇಳುವ ಮೊದಲು ಅಕ್ಕನಿಗೆ ತೋರಿಸಿದ್ದೇ ತಪ್ಪು. ನಾಳೆ ಹೋದ ತಕ್ಷಣ ಆ ಶೀಟ್ ಇನ್ನೂ ಅಲ್ಲೇ ಇದೆಯಾ ನೋಡಿ. 31 ಇದ್ದದ್ದು 30 ಆಗಿರಬಹುದು. ಹಾಗೆ ತಿದ್ದಿದ್ದರೆ ಪಾಪ, ಅವರು ಇನ್ನೊಂದು ಗುಂಡಿಗೆ ಬಿದ್ದ ಹಾಗೆ. 30ಕ್ಕೆ ಆಗಲೇ ಒಂದು ಶೀಟ್ ಇರುತ್ತದಲ್ಲ, ಒಂದೇ ದಿನಕ್ಕೆ 28 ಟ್ರಿಪ್ ಆಗುತ್ತದೆ!

ವೋಚರ್ ನಂಬರು, ಪುಟದ ನಂಬರು, ಶೀಟಿನಲ್ಲಿ ಇದ್ದದ್ದು ಇದ್ದ ಹಾಗೆ ನಿಮ್ಮ ವರ್ಕಿಂಗ್ ಪೇಪರಿನಲ್ಲಿ (ಆಡಿಟ್ ಟಿಪ್ಪಣಿ ಹಾಳೆಯಲ್ಲಿ) ಬರೆದು, ಸಹಿ ಹಾಕಿ, ತಾರೀಖು ಹಾಕಿ. ಎಸ್‌ಎ 230 (ಆಡಿಟ್ ದಾಖಲೆ ಹೇಗಿಡಬೇಕು ಅನ್ನುವ ಮಾನದಂಡ) ಓದಿದ್ದೀರಲ್ಲ, ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದು ಇಂಥ ದಿನಕ್ಕೇ. ಮೊಬೈಲಿನಲ್ಲಿ ಫೋಟೊ ತೆಗೆದು ಗೆಳತಿಯರ ಗ್ರೂಪಿಗೆ ಮಾತ್ರ ಹಾಕಬೇಡಿ. ನಗು ಬರುವ ಸಂಗತಿಯೇ, ಆದರೆ ಅದು ಕ್ಲೈಂಟಿನ ದಾಖಲೆ. ಮೆಮೊ ಕೊಡುವುದು ಬಿಡುವುದು ನಿಮ್ಮ ಕೈಯಲ್ಲಿಲ್ಲ, ಸಹಿ ಹಾಕುವ ಸಿಎ ಅವರದ್ದು. ಈ ಮಾತು ನಿಮಗೆ ಸಮಾಧಾನ ಕೊಡಬೇಕು. 2023ರ ಜುಲೈಯಿಂದ ಆರ್ಟಿಕಲ್‌ಶಿಪ್ ಮೂರು ವರ್ಷದ ಬದಲು ಎರಡೇ ವರ್ಷ ಮಾಡಿದ್ದಾರೆ. ಇರುವುದೇ ಕಮ್ಮಿ ಸಮಯ, ಅದರಲ್ಲಿ ನಿದ್ದೆಗೆಟ್ಟು ಕೂತರೆ ಫೈನಲ್‌ಗೆ ಓದುವುದು ಯಾವಾಗ?

— ಸಿಎ ವಿದ್ಯಾರ್ಥಿ, ನಿಟ್ಟುವಳ್ಳಿ

*

ಮಗಳೇ, ನಾನು ಆ ಅಕ್ಕನ ಕುರ್ಚಿಯಲ್ಲೇ ಕೂತಿದ್ದವಳು. ಬೇರೆ ಊರು, ಬೇರೆ ನಗರಸಭೆ. ರಿಟೈರ್ ಆಗಿ ಆರು ವರ್ಷ ಆಯಿತು.

ಕೇಸ್ ವರ್ಕರ್ ಬೋರ್‌ವೆಲ್ ಹತ್ತಿರ ಹೋಗಿ ನಿಂತು ಟ್ಯಾಂಕರ್ ಎಣಿಸುವುದಿಲ್ಲ. ಕಂಟ್ರಾಕ್ಟರ್ ಕಡೆಯ ಹುಡುಗ ಶೀಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ಮೇಜಿನ ಮೇಲೆ ಇಡುತ್ತಾನೆ. 'ನೀರು ಸರಬರಾಜು ಆಗಿದೆ' ಅಂತ ದೃಢೀಕರಿಸುವುದು ಇಂಜಿನಿಯರ್. ನಾವು ಜೋಡಿಸಿ, ದಾರ ಕಟ್ಟಿ, ಟಿಪ್ಪಣಿ ಬರೆದು ಮಂಡಿಸುತ್ತೇವೆ. ಲೆಕ್ಕ ಶಾಖೆಯವರು ನೋಡುತ್ತಾರೆ, ಪೌರಾಯುಕ್ತರ ಸಹಿ ಆಗುತ್ತದೆ. ಅಷ್ಟು ಸಹಿಗಳಲ್ಲಿ ಕೆಳಗಿನದು, ಚಿಕ್ಕದು, ಆ ಅಕ್ಕನದು. ಹಾಗಂತ ಅವರ ತಪ್ಪೇ ಇಲ್ಲ ಅನ್ನುವುದಿಲ್ಲ. ಶೀಟು ತಿರುವಿ ಹಾಕಿದ್ದರೆ 31 ಕಣ್ಣಿಗೆ ಬೀಳುತ್ತಿತ್ತು. ಮಾರ್ಚ್, ಏಪ್ರಿಲ್ ಬಿಲ್ಲು ಒಟ್ಟೊಟ್ಟಿಗೆ ಬರುವ ಕಾಲದಲ್ಲಿ ತಿರುವಿ ಹಾಕುವವರು ಯಾರು? ನಾನೂ ಹಾಕಿಲ್ಲ.

ಅವರಿಗೆ ನೀನು ಒಂದು ಮಾತು ಹೇಳು. ಆ ಶೀಟುಗಳು ಆಫೀಸಿಗೆ ಯಾವ ದಿನ ಬಂದವು ಅಂತ ಆವಕ ವಹಿಯಲ್ಲಿ ಇರುತ್ತದೆ. ಜೂನ್‌ನಲ್ಲಿ ಒಂದೇ ಕಟ್ಟಿನಲ್ಲಿ ಬಂದಿದ್ದರೆ, ಬರೆದದ್ದು ಕಂಟ್ರಾಕ್ಟರ್ ಕಡೆಯಲ್ಲಿ ಅಂತ ತೋರಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅವರು ಈಗ ಕುರ್ಚಿಯಲ್ಲಿ ಇದ್ದಾರೆ. ವಹಿ ತೆಗೆಯಬಹುದು, ಜೆರಾಕ್ಸ್ ಇಟ್ಟುಕೊಳ್ಳಬಹುದು, ಉತ್ತರ ಬರೆಯಬಹುದು. ಪೆನ್ಷನ್ ಸುಮ್ಮಸುಮ್ಮನೆ ನಿಲ್ಲುವುದಿಲ್ಲಮ್ಮ. ನೋಟಿಸ್ ಕೊಡಬೇಕು, ವಿಚಾರಣೆ ಆಗಬೇಕು, ಅವರ ಮಾತು ಕೇಳಬೇಕು. ಆದರೆ ಇದೇ ಪ್ರಶ್ನೆ ರಿಟೈರ್ ಆದ ಮೇಲೆ ಬಂತು ಅಂದ್ರೆ ಕಷ್ಟ. ನನಗೆ ಬಂದಿತ್ತು. ಬೇರೆ ವಿಷಯ, ರಸೀದಿ ಪುಸ್ತಕದ್ದು. ಫೈಲ್ ಕೇಳಲು ಹೋದರೆ, ನಾನೇ ಕೆಲಸ ಕಲಿಸಿದ ಹುಡುಗ ಕೂತ ಜಾಗದಿಂದ ಏಳದೆ "ನಾಳೆ ಬನ್ನಿ ಮೇಡಂ" ಅಂದ. ಎಂಟು ಸಲ ಚಿತ್ರದುರ್ಗದಿಂದ ಬಸ್ ಹತ್ತಿದ್ದೇನೆ.

ಬರೆಯಬೇಡ ಅಂತ ನಿನ್ನನ್ನು ಬೇಡಿಕೊಂಡದ್ದು ತಪ್ಪೇ. ಆದರೂ ಅವರ ಜೊತೆ ಮಾತು ಬಿಡಬೇಡ.

— ನಿವೃತ್ತ ಉದ್ಯೋಗಿ, ಚಿತ್ರದುರ್ಗ

*

ಎಲ್ಲರೂ ಲೆಕ್ಕದ ಮಾತಾಡುತ್ತಾರೆ, ನಾನು ದೋಸೆ ಮಾತಾಡುತ್ತೇನೆ. ಆ ಪಾರ್ಸೆಲ್‌ಗೆ ದುಡ್ಡು ಯಾರು ಕೊಡುತ್ತಾರೆ ಅಂತ ಕೇಳಿದ್ದೀಯಾ? ಅಕ್ಕ ಸ್ವಂತ ದುಡ್ಡು ಕೊಡುತ್ತಿದ್ದರೆ ಅವರಿಗೆ ಕಷ್ಟ, ಬೇರೆಯವರು ಕೊಡುತ್ತಿದ್ದರೆ ನಿನಗೆ ಕಷ್ಟ. ಟ್ಯಾಂಕರಿನವನೇ ಕೊಡುತ್ತಿದ್ದರೆ? ನನ್ನ ಮಗಳೂ ಬ್ಯಾಂಕ್ ಆಡಿಟ್ಟಿಗೆ ಹೋಗುತ್ತಾಳೆ. ಡಬ್ಬಿಯಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಚಹಾ ಮಾತ್ರ ಕುಡಿ ಅಂದಿದ್ದೇನೆ. ಮತ್ತೆ ಬೆಣ್ಣೆ ದೋಸೆಯನ್ನು ಪಾರ್ಸೆಲ್ ಮಾಡಿಸಿ ತಿನ್ನುವುದೇ ಒಂದು ಅಪರಾಧ. ಪೇಪರಿನಲ್ಲಿ ಸುತ್ತಿದ ಹತ್ತು ನಿಮಿಷಕ್ಕೆ ಒದ್ದೆ ಬಟ್ಟೆ ಆಗಿರುತ್ತದೆ. ದಾವಣಗೆರೆಯವಳಾಗಿ ಇಷ್ಟೂ ಗೊತ್ತಿಲ್ವಾ?

— ಒಬ್ಬ ತಾಯಿ, ಪಿ.ಜೆ. ಬಡಾವಣೆ

*

ಈ ಪತ್ರ ನಿಮಗೆ ಇಷ್ಟ ಆಗುವುದಿಲ್ಲ. ನಾನು ಸಣ್ಣ ಕಂಟ್ರಾಕ್ಟರ್. ಚರಂಡಿ ಹೂಳು, ಪೈಪ್‌ಲೈನ್ ರಿಪೇರಿ, ಬೇಸಿಗೆಯಲ್ಲಿ ನೀರು. ಜನ ರಸ್ತೆ ತಡೆ ಮಾಡಿದ ದಿನ ಸಾಹೇಬರು ಫೋನ್ ಮಾಡಿ "ಈಗಲೇ ಗಾಡಿ ಬಿಡು, ಕಾಗದ ಆಮೇಲೆ ನೋಡೋಣ" ಅಂತಾರೆ. ಗಾಡಿ ಬಿಡುತ್ತೇವೆ. ಡೀಸೆಲ್ ನಮ್ಮ ಜೇಬಿನಿಂದ. ಕಾಗದ ಕೇಳುವುದು ಮೂರು ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಯಾವ ದಿನ ಎಷ್ಟು ಟ್ರಿಪ್ ಅಂತ ದೇವರಿಗೇ ಗೊತ್ತು. ಒಬ್ಬ ಹುಡುಗನನ್ನು ಕೂರಿಸಿ ಬರೆಸುತ್ತೇವೆ. ಅವನು 31 ಬರೆದ. ತಪ್ಪು ಬರೆದ ಅಂತ ನಮ್ಮ ನೀರು ಸುಳ್ಳಾಗುತ್ತದಾ? ಒಂದು ಪ್ಯಾರಾ ಬಿದ್ದರೆ ಇಡೀ ಬೇಸಿಗೆಯ ದುಡ್ಡು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಆ ಒಂದು ದಿನದ ದುಡ್ಡು ಕಡಿಯಲಿ, ಬೇಡ ಅನ್ನುವುದಿಲ್ಲ.

ದಿನಕ್ಕೆ 14 ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು, ಒಪ್ಪುತ್ತೇನೆ.

— ಹೆಸರು ಬೇಡ

*

ನಮ್ಮ ಓಣಿಗೂ ಆ ಬೇಸಿಗೆ ಟ್ಯಾಂಕರ್ ಬರುತ್ತಿತ್ತು. ನಾಲ್ಕು ದಿನಕ್ಕೊಮ್ಮೆ, ಕೆಲವು ಸಲ ಆರು. ಹಾರ್ನ್ ಕೇಳಿದರೆ ಒಲೆ ಮೇಲಿನ ಅನ್ನ ಬಿಟ್ಟು ಓಡುತ್ತಿದ್ದೆವು. ಮನೆಗೆ ಆರು ಕೊಡ ಅಂತ ನಾವೇ ಲೆಕ್ಕ ಮಾಡಿಕೊಂಡಿದ್ದೆವು. ಏಳನೆಯದು ಹಿಡಿದವರ ಜೊತೆ ಜಗಳ. ಟ್ರಿಪ್ ಶೀಟಿನಲ್ಲಿ ನಿವಾಸಿಗಳ ಸಹಿ ಇರುತ್ತದೆ ಅಂತ ನಮ್ಮ ಹುಡುಗ ಹೇಳಿದ. ನಿಮ್ಮ ಊರಿನ ಶೀಟಿನಲ್ಲೂ ಇರಬಹುದು, ನೋಡಿ. ನಮ್ಮ ಓಣಿಯಲ್ಲಿ ಯಾರೂ ಪೆನ್ನು ಹಿಡಿದದ್ದು ನಾನು ನೋಡಿಲ್ಲ. ಎರಡೂ ಕೈಯಲ್ಲಿ ಕೊಡ ಇರುತ್ತಿತ್ತು.

— ಗೃಹಿಣಿ, ಹಳೇ ದಾವಣಗೆರೆ

*

ಮೇಡಂ, ನಾನು ಎರಡು ಬೇಸಿಗೆ ಟ್ರ್ಯಾಕ್ಟರ್ ಟ್ಯಾಂಕರ್ ಓಡಿಸಿದವನು. ನೀವು ನೋಡುತ್ತಿರುವ ಊರಲ್ಲ, ಬೇರೆ ಕಡೆ. ಲೆಕ್ಕ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ನೀರು ತುಂಬುತ್ತಿದ್ದದ್ದು ಒಬ್ಬರ ತೋಟದ ಬೋರ್‌ವೆಲ್‌ನಲ್ಲಿ. ತ್ರೀ ಫೇಸ್ ಇರುವಷ್ಟೇ ಹೊತ್ತು ಮೋಟರ್. ಒಂದು ಟ್ಯಾಂಕ್ ತುಂಬಲು 20 ನಿಮಿಷ, ಮುಂದೆ ಇನ್ನೊಂದು ಗಾಡಿ ಇದ್ದರೆ 40. ಹೋಗಿ ಬರಲು ಅರ್ಧ ಗಂಟೆ. ಓಣಿಯಲ್ಲಿ ಕೊಡಕ್ಕೆ ಬಿಡುತ್ತಾ ನಿಂತರೆ ಮುಕ್ಕಾಲು ಗಂಟೆ. ಅಜ್ಜಿಯರು ಪೈಪ್ ಕಿತ್ತುಕೊಂಡರೆ ಒಂದು ಗಂಟೆ. ಬೆಳಿಗ್ಗೆ ಆರಕ್ಕೆ ಹತ್ತಿ ಸಂಜೆ ಆರಕ್ಕೆ ಇಳಿದರೂ ನನ್ನ ಕೈಲಿ ಏಳಕ್ಕಿಂತ ಜಾಸ್ತಿ ಆಗಿಲ್ಲ. ಸಿಂಟೆಕ್ಸ್‌ಗೋ ಸಂಪಿಗೋ ಒಮ್ಮೆಲೇ ಬಿಡುವುದಾದರೆ ಒಂಬತ್ತು. ನಿಮ್ಮ ಶೀಟಿನಲ್ಲಿ ನೀರು ಬಿಟ್ಟದ್ದು ಎಲ್ಲಿ ಅಂತಿದೆ, ಓಣಿಗಾ ಸಂಪಿಗಾ, ಅದನ್ನು ಮೊದಲು ನೋಡಿ.

ಶೀಟಿಗೆ ನಾನೂ ಸಹಿ ಹಾಕುತ್ತಿದ್ದೆ. ತಿಂಗಳ ಕೊನೆಗೆ, ಖಾಲಿ ಶೀಟಿಗೆ, ಒಂದೇ ಸಲ ಮೂವತ್ತು. ಹಾಕದಿದ್ದರೆ ಬಟವಾಡೆ ಇಲ್ಲ. ಅದರಲ್ಲಿ ಆಮೇಲೆ ಏನು ತುಂಬುತ್ತಾರೋ ನನಗೆ ಗೊತ್ತಿಲ್ಲ. ಆದರೆ ನಮಗೆ ಬತ್ತೆ ಕೊಡುತ್ತಿದ್ದದ್ದು ಟ್ರಿಪ್ಪಿನ ಲೆಕ್ಕಕ್ಕೆ. ಒಂದು ಟ್ರಿಪ್ ಮರೆತರೆ ನಮ್ಮ ಹೊಟ್ಟೆಗೇ ಹೊಡೆತ. ಅದಕ್ಕೆ ಎಲ್ಲ ಡ್ರೈವರ್‌ಗಳ ಹತ್ತಿರವೂ ಒಂದು ಸಣ್ಣ ಪಾಕೆಟ್ ಪುಸ್ತಕ ಇರುತ್ತಿತ್ತು. ಕಂಟ್ರಾಕ್ಟರ್ ಕಡೆಯ ರೈಟರ್ ವಾರಕ್ಕೊಮ್ಮೆ ಅದನ್ನು ನೋಡಿ ದುಡ್ಡು ಕೊಟ್ಟು ಗೀಟು ಹಾಕುತ್ತಿದ್ದ. ಅವನು ಒಂದು ಟ್ರಿಪ್ಪನ್ನೂ ಜಾಸ್ತಿ ಒಪ್ಪುವವನಲ್ಲ, ನಾವು ಒಂದನ್ನೂ ಕಮ್ಮಿ ಬಿಡುವವರಲ್ಲ.

ಅದನ್ನು ತೋರಿಸಿ ಅಂತ ಕಂಟ್ರಾಕ್ಟರನ್ನು ಕೇಳಲು ನಿಮಗೆ ಅಧಿಕಾರ ಇದೆಯೋ ಇಲ್ಲವೋ ನಿಮ್ಮ ಸಾಹೇಬರಿಗೆ ಗೊತ್ತಿರುತ್ತದೆ. ನನ್ನ ಪುಸ್ತಕ ಈಗಲೂ ಟ್ರಂಕಿನಲ್ಲಿದೆ. ಹೆಂಡತಿ ಅದರ ಹಿಂದಿನ ಹಾಳೆಗಳಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಾಳೆ.

— ಟ್ರ್ಯಾಕ್ಟರ್ ಚಾಲಕ, ದಾವಣಗೆರೆ ತಾಲ್ಲೂಕು