ಭಾವ, ರಿಮ್‌ನ ಮುಖ ಅಲ್ಲ, ಬೆನ್ನು ನೋಡಿ

ಭಾವ, ನೀವು ಗ್ರೂಪಿಗೆ ಹಾಕಿದ ಎರಡು ರಿಮ್ ಫೋಟೋ ನೋಡಿದೆ. ಒಂದು 20 ಇಂಚಿನ ಕಪ್ಪು ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ್ದು, ಇನ್ನೊಂದು 17 ಇಂಚಿನದು. "ಗಾಡಿ ಭಾರ ಜಾಸ್ತಿ, ಕಲ್ಲು ಮರಳಲ್ಲೆಲ್ಲ ಓಡಬೇಕು, ಯಾವುದು ಗಟ್ಟಿ?" ಅಂತ ಕೇಳಿದ್ದೀರಿ. ಅದರ ಕೆಳಗೇ ಮಾವ "ಅಲಾಯ್ ಸಹವಾಸವೇ ಬೇಡ, ಸ್ಟೀಲ್ ಹಾಕಿಸು" ಅಂದಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಇದು ಮುಗಿಯುವುದಿಲ್ಲ. ಮಾತಲ್ಲೇ ಹೇಳಿಬಿಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಎರಡೂ ಫೋಟೋದಲ್ಲಿ ಕಾಣುವುದು ರಿಮ್‌ನ ಮುಖ ಮಾತ್ರ. ಎಷ್ಟು ಗಟ್ಟಿ ಅನ್ನುವುದು ಬರೆದಿರುವುದು ಬೆನ್ನಿನಲ್ಲಿ. ಸ್ಪೋಕ್ ಹಿಂದೆಯೋ, ಹಬ್‌ಗೆ, ಅಂದರೆ ಚಕ್ರ ಬೋಲ್ಟ್ ಆಗುವ ಗಾಡಿಯ ಭಾಗಕ್ಕೆ, ಕೂರುವ ಜಾಗದ ಸುತ್ತಲೋ "ಮ್ಯಾಕ್ಸ್ ಲೋಡ್" ಅಂತ ಒಂದು ಅಂಕಿ ಅಚ್ಚಾಗಿರುತ್ತದೆ. ಆ ಒಂದು ರಿಮ್ ಹೊರಬಲ್ಲ ಭಾರ ಅದು. ಆಮೇಲೆ ನಿಮ್ಮ ಗಾಡಿಯಲ್ಲಿ ಭಾರದ ಮಿತಿ ಬರೆದಿರುವ ಪ್ಲೇಟ್ ನೋಡಿ. ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರವೋ ಬಾನೆಟ್ ಕೆಳಗೋ ಇರುತ್ತದೆ. ಅದರಲ್ಲಿ ಮುಂದಿನ ಆಕ್ಸಲ್ ಎಷ್ಟು ತಡೆಯುತ್ತದೆ, ಹಿಂದಿನದು ಎಷ್ಟು ತಡೆಯುತ್ತದೆ ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ.

ಜಾಸ್ತಿ ಜನ ಎಡವುವುದು ಇಲ್ಲೇ. ಗಾಡಿಯ ಒಟ್ಟು ಭಾರವನ್ನು ನಾಲ್ಕರಿಂದ ಭಾಗಿಸಿ ಸುಮ್ಮನಾಗುತ್ತಾರೆ. ಒಟ್ಟು 3,500 ಕೆಜಿ ಅಂತ ಇಟ್ಟುಕೊಳ್ಳಿ, ಚಕ್ರಕ್ಕೆ 875 ಬಂತು. ಆದರೆ ಹಿಂದಿನ ಆಕ್ಸಲ್ ಮಿತಿ 2,200 ಇದ್ದರೆ ಅಲ್ಲಿ ಒಂದೊಂದು ಚಕ್ರದ ಪಾಲು 1,100 ಕೆಜಿ. ಎಷ್ಟು ವ್ಯತ್ಯಾಸ ಆಯ್ತು ನೋಡಿ! ಎಕ್ಸ್‌ಟ್ರಾ ಡೀಸೆಲ್ ಟ್ಯಾಂಕ್, ನೀರು, ಸಾಮಾನು ಎಲ್ಲ ಹಿಂದೆಯೇ ತಾನೇ ತುಂಬುವುದು? ಇನ್ನು ಗಾಡಿ ಒಂದು ಕಡೆಗೆ ವಾಲಿದರೆ ಆ ಕಡೆಯ ಚಕ್ರಕ್ಕೆ ಇನ್ನೂ ಜಾಸ್ತಿ ಬೀಳುತ್ತದೆ. ಹಾಗಾಗಿ 1,100 ಬೇಕಾದ ಕಡೆ ನಾನಾದರೆ 1,250ಕ್ಕಿಂತ ಕಮ್ಮಿ ನೋಡುವುದಿಲ್ಲ. ಅಂಕಿ ಪೌಂಡಿನಲ್ಲಿದೆಯೋ ಕೆಜಿಯಲ್ಲೋ ಅದನ್ನೂ ನೋಡಿ. 2,500 ಪೌಂಡ್ ಅಂದರೆ ಸುಮಾರು 1,134 ಕೆಜಿ. 1,800 ಪೌಂಡಿನ ರಿಮ್ 816 ಕೆಜಿಗೇ ಮುಗಿಯಿತು. ಟೈರ್ ಮೇಲೆ 121 ಅಂತ ಲೋಡ್ ಇಂಡೆಕ್ಸ್, ಅಂದರೆ ಭಾರದ ಸಂಕೇತ ಅಂಕಿ, ಇದ್ದರೆ ಟೈರ್ 1,450 ಕೆಜಿ ಹೊರುತ್ತದೆ ನಿಜ, ಆದರೆ ಅದು ಟೈರ್‌ನ ಲೆಕ್ಕ. ರಿಮ್‌ಗೂ ಅದಕ್ಕೂ ಸಂಬಂಧ ಇಲ್ಲ.

ಅಂಕಿಯೇ ಇಲ್ಲದ ರಿಮ್ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಅಂಕಿಯ ಜೊತೆಗೆ ಜೆಡಬ್ಲ್ಯುಎಲ್ ಅಂತ ಒಂದು ಗುರುತು ಇರಬಹುದು. ಅದು ಜಪಾನಿನ ಮಾನದಂಡ, ಕಾರುಗಳಿಗೆ. ಕೊನೆಗೆ ಟಿ ಸೇರಿದ್ದರೆ ಟ್ರಕ್ಕು ಬಸ್ಸುಗಳಿಗೆ. ಈ ಗುರುತನ್ನು ತಯಾರಕರು ತಾವೇ ಹಾಕಿಕೊಳ್ಳಬಹುದು. ಪಕ್ಕದಲ್ಲಿ ವಿಐಎ ಅಂತಲೂ ಇದ್ದರೆ ಹೊರಗಿನವರ ಪರೀಕ್ಷೆಯೂ ಆಗಿದೆ ಅಂತ ಅರ್ಥ.

ಈಗ ಮಾವನ ಮಾತಿಗೆ ಬರುತ್ತೇನೆ. ಮಾವ, ನೀವು ಹೇಳಿದ್ದು ಅರ್ಧ ಸರಿ. ಕಲ್ಲಿಗೆ ಬಡಿದರೆ ಸ್ಟೀಲ್ ಸಾಮಾನ್ಯವಾಗಿ ಸೊಟ್ಟ ಆಗುತ್ತದೆ, ಅಂಚನ್ನು ಸುತ್ತಿಗೆಯಲ್ಲಿ ತಟ್ಟಿ ಹೇಗೋ ಊರು ಸೇರಬಹುದು. ಎರಕದ ಅಲಾಯ್ ಜೋರಾಗಿ ಬಡಿಸಿಕೊಂಡರೆ ಬಿರುಕು ಬಿಡುತ್ತದೆ. ಅದನ್ನು ವೆಲ್ಡ್ ಮಾಡಿಸಿ ಮತ್ತೆ ಭಾರದ ಗಾಡಿಗೆ ಹಾಕುವುದು ಬೇಡವೇ ಬೇಡ, ಬಿಸಿಗೆ ಸುತ್ತಲಿನ ಲೋಹದ ಹದವೇ ಕೆಡುತ್ತದೆ. ಆದರೆ ಸ್ಟೀಲ್ ಅಂದ ಮಾತ್ರಕ್ಕೆ ಗಟ್ಟಿ ಅಲ್ಲ. ಹಗುರ ಗಾಡಿಗೆ ಮಾಡಿದ ತೆಳು ಸ್ಟೀಲ್ ರಿಮ್‌ಗಿಂತ ಒಳ್ಳೆಯ ಅಲಾಯ್ ಎಷ್ಟೋ ಜಾಸ್ತಿ ಹೊರುತ್ತದೆ. ಅಲಾಯ್‌ನಲ್ಲೂ ಫೋರ್ಜ್ಡ್ ಅಂದರೆ ಭಾರಿ ಒತ್ತಡದಲ್ಲಿ ಅದುಮಿ ಮಾಡಿದ್ದು, ಅಷ್ಟೇ ತೂಕಕ್ಕೆ ಎರಕಕ್ಕಿಂತ ಗಟ್ಟಿ. ಫ್ಲೋ ಫಾರ್ಮ್ಡ್ ಅನ್ನುವುದನ್ನು ಕೆಲವರು ಫೋರ್ಜ್ಡ್ ಅಂತಲೇ ಮಾರುತ್ತಾರೆ. ಅದರಲ್ಲಿ ಟೈರ್ ಕೂರುವ ಸುತ್ತನ್ನು ಮಾತ್ರ ಉರುಳೆಯಲ್ಲಿ ಒತ್ತಿ ಬಲಪಡಿಸಿರುತ್ತಾರೆ, ಸ್ಪೋಕ್ ಎರಕದ್ದೇ.

20 ಇಂಚಿನದು ನನಗೆ ಬೇಡ ಅನಿಸುತ್ತದೆ. 285/70ಆರ್17 ಅಂದರೆ ಟೈರ್ ಅಗಲ 285 ಮಿಮೀ, ಪಕ್ಕದ ಎತ್ತರ ಅದರ ಶೇಕಡಾ 70, ರಿಮ್ 17 ಇಂಚು. ಅಲ್ಲಿಗೆ ಪಕ್ಕ ಸುಮಾರು 200 ಮಿಮೀ ಎತ್ತರ. ಹೆಚ್ಚೂಕಡಿಮೆ ಅಷ್ಟೇ ದೊಡ್ಡ ಚಕ್ರ 275/60ಆರ್20ರಲ್ಲಿ ಅದು 165 ಮಿಮೀ. ಕಲ್ಲಿನ ಪೆಟ್ಟನ್ನು ರಿಮ್‌ಗಿಂತ ಮುಂಚೆ ತಿನ್ನುವುದು ಆ ರಬ್ಬರ್. ಮರಳಿನಲ್ಲಿ ಗಾಳಿ ಇಳಿಸಿದಾಗಲಂತೂ ಆ 35 ಮಿಮೀ ಬಹಳ ದೊಡ್ಡದು. ಒಳಗಿನ ಬ್ರೇಕ್ ಕ್ಯಾಲಿಪರ್‌ಗೆ, ಅಂದರೆ ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗಕ್ಕೆ, ತಾಗದೆ ಕೂರುವ ಅತಿ ಚಿಕ್ಕ ರಿಮ್ ಸಿಕ್ಕರೆ ಅದೇ ಒಳ್ಳೆಯದು. ಅಗಲವೂ ಅತಿ ಬೇಡ. ಆ 17ರ ಟೈರ್‌ಗೆ 7.5ರಿಂದ 9 ಇಂಚು ಒಪ್ಪುತ್ತದೆ, 8 ಸಾಕು.

ಆಫ್‌ಸೆಟ್ ಬಗ್ಗೆ ಯಾರೂ ಕೇಳುವುದಿಲ್ಲ, ಆಮೇಲೆ ಬೇರಿಂಗ್ ಹೋಯಿತು ಅಂತ ಅಳುತ್ತಾರೆ. ರಿಮ್ ಅಗಲದ ನಡುಗೆರೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಮಿಮೀ ದೂರ ಇದೆ ಅನ್ನುವುದೇ ಆಫ್‌ಸೆಟ್, ರಿಮ್ ಮೇಲೆ ಇಟಿ ಅಂತ ಬರೆದಿರುವುದು ಅದೇ. ಅಗಲ ಅಷ್ಟೇ ಇದ್ದು, ಕಂಪನಿಯ ರಿಮ್ ಇಟಿ 30 ಇದ್ದ ಕಡೆ ಇಟಿ 0 ಹಾಕಿದರೆ ಚಕ್ರ 30 ಮಿಮೀ ಹೊರಗೆ ಬರುತ್ತದೆ. ನೋಡುವುದಕ್ಕೆ ಚಂದ. ಆದರೆ ಬೇರಿಂಗ್ ಮೇಲೆ ಎಳೆತ ಜಾಸ್ತಿ, ಕಲ್ಲಿಗೆ ತಾಗಿದಾಗ ಸ್ಟಿಯರಿಂಗ್ ಕೈ ಕಿತ್ತುಕೊಳ್ಳುತ್ತದೆ. ಭಾರದ ಗಾಡಿಗೆ ಕಂಪನಿಯ ಅಂಕಿಯ ಹತ್ತಿರವೇ ಇರಿ. ಅಂಗಡಿಯವರು ಸ್ಪೇಸರ್, ಅಂದರೆ ಹಬ್‌ಗೂ ರಿಮ್‌ಗೂ ನಡುವೆ ಕೂರಿಸುವ ಬಿಲ್ಲೆ, ಹಾಕಿ ಸರಿ ಮಾಡುತ್ತೇನೆ ಅಂದರೆ ಬೇಡ ಅನ್ನಿ.

ಆರು ತೂತು ಇದೆ ಅಂತ ಎಲ್ಲ ಆರು ತೂತಿನ ರಿಮ್ ಕೂರುವುದಿಲ್ಲ. 6×139.7 ಬೇರೆ, 6×135 ಬೇರೆ; ಎರಡನೇ ಅಂಕಿ ಆ ಆರು ಬೋಲ್ಟ್ ತೂತುಗಳು ಕೂರುವ ವೃತ್ತದ ವ್ಯಾಸ, ಮಿಮೀಯಲ್ಲಿ. ನಡುವಿನ ತೂತೂ ಹಬ್‌ಗೆ ಸರಿಯಾಗಿ ಹೊಂದಬೇಕು.

ಅಕ್ಕ ಕೇಳಿದ ಬೀಡ್‌ಲಾಕ್ ಬಗ್ಗೆ: ಟೈರ್‌ನ ಅಂಚು ರಿಮ್‌ನಿಂದ ಜಾರದಂತೆ ಹೊರಗೆ ರಿಂಗ್ ಬೋಲ್ಟ್ ಮಾಡುವ ಆ ರಿಮ್‌ಗಳನ್ನು ಎಷ್ಟೋ ಕಡೆ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಬೋಲ್ಟ್‌ಗಳನ್ನು ಮತ್ತೆ ಮತ್ತೆ ಬಿಗಿ ನೋಡುತ್ತಿರಬೇಕು. ನಿಮ್ಮ ಓಡಾಟಕ್ಕೆ ಬೇಕಿಲ್ಲ.

ಕೊನೆಗೆ ನಟ್. ಕಂಪನಿಯ ಎಷ್ಟೋ ಅಲಾಯ್‌ಗೆ ಚಪ್ಪಟೆ ವಾಷರ್ ಇರುವ ನಟ್ ಬರುತ್ತದೆ, ಸ್ಟೀಲ್‌ಗೆ ಮತ್ತು ಹೊರಗಿನ ಅಲಾಯ್‌ಗೆ ಹೆಚ್ಚಾಗಿ ಕೋನ್ ಆಕಾರದ್ದು. ಅದಲು ಬದಲು ಆದರೆ ಬಿಗಿ ನಿಲ್ಲುವುದಿಲ್ಲ, ಚಕ್ರವೇ ಕಳಚಬಹುದು. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಸಲಿ, ಒಂದು 50–100 ಕಿಮೀ ಓಡಿದ ಮೇಲೆ ಮತ್ತೆ ನೋಡಿ. ಸಾಧ್ಯವಾದರೆ ಸ್ಟೆಪ್ನಿಯೂ ಸೇರಿ ಐದು ರಿಮ್ಮೂ ಒಂದೇ ಥರದ್ದು ತಗೊಳ್ಳಿ. ಸ್ಟೆಪ್ನಿಗೆ ಹಳೆಯದನ್ನೇ ಉಳಿಸಿಕೊಂಡರೆ ಅದರ ನಟ್‌ಗಳನ್ನು ಒಂದು ಚೀಲಕ್ಕೆ ಹಾಕಿ ಜಾಕ್ ಜೊತೆಗೇ ಇಡಿ.