ಸುರಪುರದ ಟೇಲರ್ ಮಂಜಿಲ್‌ನಲ್ಲಿ ಉಳಿಯೋದು ಹೇಗೆ? ಊಟ ಸಿಗುತ್ತಾ?

ಮೈಸೂರ ಪಯಣಿಗ:
ಡಿಸೆಂಬರ್‌ನಲ್ಲಿ ಅಪ್ಪನ ಜೊತೆ ಸುರಪುರಕ್ಕೆ ಬರೋ ಯೋಚನೆ ಇದೆ. ಅಪ್ಪನಿಗೆ 72, ಮೊಣಕಾಲು ನೋವು, ಇತಿಹಾಸದ ಹುಚ್ಚು ಮಾತ್ರ ಕಮ್ಮಿಯಾಗಿಲ್ಲ. ಯಾದಗಿರಿ ಸ್ಟೇಷನ್‌ನಲ್ಲಿ ಇಳಿದು ಶಹಾಪುರದ ಮೇಲೆ ಬಸ್ಸಲ್ಲಿ ಬರ್ತೀವಿ. ಗುಡ್ಡದ ಮೇಲಿನ ಸರ್ಕಾರಿ ಬಂಗಲೆ ಟೇಲರ್ ಮಂಜಿಲ್‌ನಲ್ಲಿ ರೂಮು ಸಿಗುತ್ತಾ? ಅರಮನೆ, ತಿಂಥಣಿ, ಬೋನಾಳ, ಮಲಗಿದ ಬುದ್ಧನ ಬೆಟ್ಟ ಎಲ್ಲಾ ಒಂದೇ ದಿನದಲ್ಲಿ ಮುಗಿಸಬಹುದಾ?

ಕಲಬುರಗಿ ಬಿಸಿಲು:
ಯಾದಗಿರ್ಯಾಗೇ ಲಾಡ್ಜ್ ಹಿಡೀರಿ, ಕಾರ್ ಮಾಡ್ಕೊಂಡು ಸುತ್ತಿ ಬರ್ರಿ. ಸುಮ್ನ ಯಾಕ ತ್ರಾಸು.

ಗುಡ್ಡದ ಮನಿ:
ಮುಗಿಸಾಕ ಅದೇನು ಪರೀಕ್ಷಾ ಏನ್ರಿ? ನಮ್ಮಪ್ಪ ಅದೇ ಬಂಗಲೆದಾಗ ಬಾಳ ವರ್ಷ ಅಡಗಿ ಮಾಡ್ಯಾನ. ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ರೂಮಿಗೆ ಮೊದಲೇ ಕೇಳಿ ಖಾತ್ರಿ ಮಾಡ್ಕೋರಿ. ಸಾಹೇಬ್ರು ಬಂದ್ರ ಮೊದಲು ಅವರಿಗೇ, ಅದು ಎಲ್ಲಾ ಸರ್ಕಾರಿ ಬಂಗಲೆಗಳ ಹಣೆಬರಹ. ಪ್ಯಾಟಿಯೊಳಗ ಇನ್ನೊಂದು ಜಾಗ ಗೊತ್ತು ಮಾಡಿ ಇಟ್ಟಿರ್ರಿ.

ಊಟದ್ದು ಖರೇ ಮುಖ್ಯ. ಅಪ್ಪನ ಕಾಲಕ್ಕ ಮೆನು ಅಂಬೋದು ಇರಲಿಲ್ಲ. ಎಷ್ಟು ಮಂದಿ ಅಂತ ಹೇಳಿದ ಮ್ಯಾಲೆ ನಮ್ಮವ್ವ ಮನ್ಯಾಗ ರೊಟ್ಟಿ ಬಡೀತಿದ್ಲು, ನಾನು ಬುಟ್ಟಿ ಹೊತ್ಕೊಂಡು ಗುಡ್ಡ ಏರ್ತಿದ್ದೆ. ಒಮ್ಮೆ ಹನ್ನೆರಡು ಮಂದಿ ಅಂತ ಹೇಳಿ ಕಳಿಸಿದ್ರು. ರಾತ್ರಿ ಹತ್ತಕ್ಕ ನಾಲ್ಕೇ ಮಂದಿ ಬಂದು "ದಾರ್ಯಾಗ ಉಂಡ್ವಿ" ಅಂದ್ರು. ಅಪ್ಪ ಏನೂ ಅನಲಿಲ್ಲ. ಬೆಲ್ಲ ನೀರು ಕೊಟ್ಟ, ಹಾಸಿಗಿ ಹಾಸಿದ, ಕಂದೀಲು ಸಣ್ಣ ಮಾಡಿ ಬಂದ. ಮುಂದ ಮೂರು ದಿನ ನಾವು ಕಟಕ್ ರೊಟ್ಟಿ, ಶೇಂಗಾ ಹಿಂಡಿ ತಿಂದ್ವಿ. ಇವತ್ತಿಗೂ ನನಗ ಆ ನಾಲ್ಕು ಮಂದಿ ಮ್ಯಾಲೆ ಸಿಟ್ಟದ.

ನಿಮ್ಮಪ್ಪಾವ್ರಿಗೆ ಇದು ಹಿಡಿಸ್ತದ. ಈ ಬಂಗಲೆ ಕಟ್ಟಿಸಿದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಾಗ ಬಂದು 1853ರ ತನಕ ಇಲ್ಲೇ ಇದ್ದ. ಸಣ್ಣ ರಾಜಾ ವೆಂಕಟಪ್ಪ ನಾಯಕ ಅವನಿಗೆ "ಅಪ್ಪಾ" ಅಂತಿದ್ದ. ಅದೇ ಹುಡುಗ 1858ರಾಗ ಇಂಗ್ಲಿಷರ ಕೈದಿ ಆದ, ಚೆಂಗಲ್ಪಟ್ಟಿಗೆ ಒಯ್ಯೋ ದಾರ್ಯಾಗ ಗುಂಡು ತಗಲಿ ಸತ್ತ. ನಮ್ಮಪ್ಪ ಬಂದವರಿಗೆಲ್ಲ ಟೇಲರ್ ಸುದ್ದಿ ರಸವತ್ತಾಗಿ ಹೇಳಾಂವ. ರಾಜನ ಸುದ್ದಿ ಬಂತು ಅಂದ್ರ ಸೌಟು ಹಿಡಿದು "ಸಾರು ಹಾಕಲೇನ್ರಿ?" ಅಂತಿದ್ದ.

ಮೊದಲನೇ ದಿನ ಸುರಪುರ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಸಂಜಿಮುಂದ ಮ್ಯಾಲಿಂದ ಊರು ನೋಡ್ರಿ, ಸುತ್ತ ಗುಡ್ಡ, ನಡುವ ಮನಿಗಳು. ಕೆಳಗ ವೇಣುಗೋಪಾಲಸ್ವಾಮಿ ಗುಡಿ. ಗೋಕುಲಾಷ್ಟಮಿ ಹೊತ್ತಿಗೆ ಬಂದಿದ್ರ ಕಂಬ ಏರೋದು ನೋಡಬಹುದಿತ್ತು. ಮರುದಿನ ನಸುಕಿಗೆ ಬೋನಾಳ ಕೆರಿಗೆ ಹೋಗ್ರಿ, ಡಿಸೆಂಬರ್‌ದಾಗ ಪರದೇಶದ ಹಕ್ಕಿ ಬಂದಿರ್ತಾವ. ತಿಂಥಣಿಗೆ ಟೈಮ್ ಉಳಿದ್ರ ಮಾತ್ರ ಹೋಗ್ರಿ, ಕೃಷ್ಣಾ ದಂಡಿಮ್ಯಾಲೆ ಮೌನೇಶ್ವರನ ಗುಡಿ, ಹಿಂದೂ ಮುಸ್ಲಿಂ ಇಬ್ಬರೂ ನಡಕೋತಾರ. ಮಲಗಿದ ಬುದ್ಧ ಅಂದ್ರ ದೂರದಿಂದ ಹಂಗ ಕಾಣೋ ಬೆಟ್ಟದ ಸಾಲು, ನೋಡಾಕ ಏರಬೇಕಂತಿಲ್ಲ. ಶಹಾಪುರ ಬಂದಾಗ ಬಸ್ಸಿನ ಕಿಟಕಿಯಾಗ ಎಚ್ಚರಿರ್ರಿ, ಸಾಕು.

ಮೈಸೂರ ಪಯಣಿಗ:
ಅಪ್ಪನಿಗೆ ಓದಿ ಹೇಳಿದೆ. "ಸಾರು ಹಾಕಲೇನ್ರಿ" ಅನ್ನೋ ಕಡೆ ಸುಮ್ಮನಾಗಿಬಿಟ್ಟರು. ತಿಂಥಣಿ ಬಿಟ್ಟಿದ್ದೀವಿ. ಈಗ ಅವರದ್ದೇ ಒಂದು ಪ್ರಶ್ನೆ: ಹಲ್ಲು ಸೆಟ್ಟು, ಜೋಳದ ರೊಟ್ಟಿ ಆಗುತ್ತಾ?

ಗುಡ್ಡದ ಮನಿ:
ಬಿಸಿದು ಮೆತ್ತಗ ಇರ್ತದ್ರಿ. ಕಟಕ್ ಇದ್ರ ಮಜ್ಜಿಗ್ಯಾಗ ಮುರಿದು ಹಾಕಿ ಹತ್ತು ನಿಮಿಷ ಬಿಡ್ರಿ, ಅವ್ವ ಕಡಿಕಡಿಗೆ ಹಂಗೇ ಉಣ್ತಿದ್ಲು. ಬಂಗಲೆದಾಗ ಉಣ್ಣಾವ್ರಿದ್ರ ಇಬ್ಬರೋ ಮೂವರೋ, ಮಧ್ಯಾಹ್ನದೊಳಗ ಹೇಳ್ರಿ ಮತ್ತ.